ಸೇವೆಯ ದಣಿವು, ಮುರಿದ ನಂಬಿಕೆ: ನಾನು ಹೊರಬಂದ ಬಗೆ

ಧ್ಯಾನ ಕೇಂದ್ರ, ಸತ್ಸಂಗ, ಮಠ ಅಂತ ವರ್ಷಗಟ್ಟಲೆ ದುಡಿದವರು ಇದ್ದಕ್ಕಿದ್ದಂತೆ ಬರುವುದನ್ನೇ ನಿಲ್ಲಿಸಿಬಿಡುತ್ತಾರೆ. "ಅವರಿಗೆ ಶ್ರದ್ಧೆ ಕಡಿಮೆ ಆಯ್ತು" ಅಂತ ಉಳಿದವರು ಮಾತಾಡಿಕೊಳ್ಳುತ್ತಾರೆ. ನನ್ನ ಬಗ್ಗೆಯೂ ಹಾಗೇ ಅಂದರು. ನನಗೆ ಆಗಿದ್ದು ಎರಡು ಬೇರೆ ಬೇರೆ ತೊಂದರೆ. ಮೊದಲು ಮೈ ಸೋತಿತು, ಆಮೇಲೆ ನಂಬಿಕೆ ಮುರಿಯಿತು. ಎರಡನ್ನೂ ಒಂದೇ ಗಂಟು ಕಟ್ಟಿ "ಇನ್ನು ದೇವರೂ ಬೇಡ, ದಿಂಡರೂ ಬೇಡ" ಅಂತ ಎದ್ದು ಬಂದವರನ್ನು ನೋಡಿದ್ದೇನೆ. ನಾನು ಅವೆರಡನ್ನೂ ಬಿಡಿಸಿ ನೋಡಿದೆ. ಹೇಗೆ ಅಂತ ಬರೆಯುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ನಾನಿದ್ದದ್ದು ಮೈಸೂರಿನ ಒಂದು ಧ್ಯಾನ ಕೇಂದ್ರದಲ್ಲಿ. ಹಗಲು ಶಾಲೆಯಲ್ಲಿ ಪಾಠ, ಸಂಜೆ ಕೇಂದ್ರ. ಶಿಬಿರದ ನೋಂದಣಿ, ದೇಣಿಗೆ ರಸೀದಿ, ಅಡುಗೆಮನೆ ಉಸ್ತುವಾರಿ ನನ್ನ ಪಾಲಿಗಿತ್ತು. ಶಿಬಿರ ಇದ್ದ ದಿನ ಬೆಳಗಿನ ಜಾವ ಉಪ್ಪಿಟ್ಟಿಗೆ ರವೆ ಹುರಿಯುವುದರಿಂದ ಶುರುವಾದರೆ, ರಾತ್ರಿ ಸೌಟು, ಬಕೆಟ್ಟು, ತಟ್ಟೆ ಎಣಿಸಿ ಸ್ಟೋರಿಗೆ ಬೀಗ ಹಾಕುವವರೆಗೂ ಕೂರುವಂತಿರಲಿಲ್ಲ. ಆದರೂ ಅದರಲ್ಲಿ ಎಷ್ಟು ಸುಖವಿತ್ತು! ಜನ ಸಾಲಾಗಿ ಕೂತು ಮೌನವಾಗಿ ಊಟ ಮಾಡುವಾಗ ಸಾರಿನ ಬಕೆಟ್ಟು ಹಿಡಿದು ಒಂದೊಂದೇ ಎಲೆಯ ಮುಂದೆ ಬಗ್ಗುವುದು, "ಸಾಕು" ಅಂತ ಅವರು ಕೈ ಅಡ್ಡ ಹಿಡಿಯುವುದು. ಆ ಸುಖ ನಿಜವಾಗಿತ್ತು. ಇವತ್ತಿಗೂ ನಾನದನ್ನು ಅಲ್ಲಗಳೆಯುವುದಿಲ್ಲ.

ನಿಧಾನವಾಗಿ ಶಿಬಿರಗಳು ಜಾಸ್ತಿಯಾದವು. ವಾಟ್ಸ್ಆಪ್ ಗುಂಪುಗಳೂ ಜಾಸ್ತಿಯಾದವು. "ಈ ಸಲ ನಿಮ್ಮ ಬಡಾವಣೆಯಿಂದ ಎಷ್ಟು ಜನ?" ಅಂತ ರಾತ್ರಿ ಹನ್ನೊಂದಕ್ಕೆ ಮೆಸೇಜು. ನೆಂಟರ ಮದುವೆಗೆ ಹೋದರೂ ಕೈಚೀಲದಲ್ಲಿ ಶಿಬಿರದ ಕರಪತ್ರ ಇಟ್ಟುಕೊಂಡಿರುತ್ತಿದ್ದೆ. ಬರಬರುತ್ತಾ ಧ್ಯಾನಕ್ಕೆ ಕೂತರೆ ನಾಳೆಯ ತರಕಾರಿ ಲೆಕ್ಕ. ಭಜನೆ ಶುರುವಾದರೆ ಸುಮ್ನೆ ಸಿಟ್ಟು. ಹಾಸಿಗೆಗೆ ಬಿದ್ದರೆ ನಿದ್ದೆ ಇಲ್ಲ. ಹಿರಿಯ ಸಾಧಕರೊಬ್ಬರ ಹತ್ತಿರ ಹೇಳಿಕೊಂಡೆ. "ಅಮ್ಮಾ, ನಿಜವಾದ ಸೇವೆಗೆ ದಣಿವು ಇರಲ್ಲ. ದಣಿವಾಗ್ತಿದೆ ಅಂದ್ರೆ 'ನಾನು ಮಾಡ್ತಿದ್ದೀನಿ' ಅನ್ನೋದು ಇನ್ನೂ ಹೋಗಿಲ್ಲ" ಅಂದರು. ಅವರು ಕೆಟ್ಟವರಲ್ಲ, ಅವರಿಗೂ ಯಾರೋ ಹಾಗೇ ಕಲಿಸಿದ್ದರು. ಆದರೆ ಈ ಮಾತು ಮಾಡುವಷ್ಟು ಹಾನಿ ಬೇರೆ ಯಾವುದೂ ಮಾಡುವುದಿಲ್ಲ. ಸುಸ್ತಾದವರು ವಿಶ್ರಾಂತಿ ತೆಗೆದುಕೊಳ್ಳುವ ಬದಲು ಇನ್ನೊಂದು ಶಿಬಿರದ ಕೆಲಸ ಮೈಮೇಲೆ ಎಳೆದುಕೊಳ್ಳುತ್ತಾರೆ.

ನನ್ನ ಕಣ್ಣು ತೆರೆಸಿದ ಒಂದು ವಿಷಯ ಹೇಳಬೇಕು. ಬರ್ನ್‌ಔಟ್, ಅಂದರೆ ದುಡಿದು ದುಡಿದು ಮೈಮನಸ್ಸು ಬರಿದಾಗುವುದು, ಆಫೀಸಿನವರ, ಸಾಫ್ಟ್‌ವೇರಿನವರ ತೊಂದರೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಅದನ್ನು ಉದ್ಯೋಗಕ್ಕೆ ಸಂಬಂಧಪಟ್ಟ ಸ್ಥಿತಿ ಅಂತಲೇ ವಿವರಿಸಿತು. ಆದರೆ 1974ರಲ್ಲಿ ಇದರ ಬಗ್ಗೆ ಮೊದಲು ಬರೆದವರಲ್ಲಿ ಒಬ್ಬರಾದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅದನ್ನು ಕಂಡಿದ್ದು ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ, ಸಂಬಳವಿಲ್ಲದೆ ದುಡಿಯುತ್ತಿದ್ದ ಸ್ವಯಂಸೇವಕರಲ್ಲಿ. ಫ್ರಾಯ್ಡನ್‌ಬರ್ಗರ್ ಕೂಡ ಹಗಲು ತಮ್ಮ ಕೆಲಸ ಮುಗಿಸಿ ರಾತ್ರಿ ಅಲ್ಲಿ ದುಡಿಯುತ್ತಿದ್ದವರೇ. ಹೆಚ್ಚು ನಿಷ್ಠೆ ಇದ್ದವರೇ ಹೆಚ್ಚು ಸೋಲುತ್ತಾರೆ ಅಂತ ಅವರು ಗುರುತಿಸಿದರು. ಇದನ್ನು ಓದಿದ ದಿನ ನನ್ನ ಎದೆ ಹಗುರವಾಯಿತು. ನಾನು ದಣಿದದ್ದು ಭಕ್ತಿ ಕಡಿಮೆಯಾಗಿ ಅಲ್ಲ ಅಂತ ಮೊದಲ ಸಲ ಅನ್ನಿಸಿತು.

ಹಾಗಾಗಿ ಮೊದಲು ಮೈಯನ್ನು ನೋಡಿಕೊಂಡೆ. ಡಾಕ್ಟರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಮೂರನ್ನೂ ನೋಡಿಸಿ ಅಂತ ಎಲ್ಲರಿಗೂ ಹೇಳುತ್ತೇನೆ. ಉಪವಾಸ, ಏಕಾದಶಿ, ಸಾತ್ವಿಕ ಊಟ ಅಂತ ವರ್ಷಗಟ್ಟಲೆ ಇದ್ದ ನಮ್ಮಂಥ ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆ ಇರುವುದು ಬಹಳ ಮಾಮೂಲಿ. ಅದರಿಂದಲೂ ಸುಸ್ತು, ಮಂಕು ಬರುತ್ತದೆ. ನನ್ನದೂ ಕಡಿಮೆ ಇತ್ತು. ನಿದ್ದೆಗೆಟ್ಟ ದಿನಗಳಲ್ಲಿ "ಒಂದು ದೀರ್ಘ ಮೌನ ಶಿಬಿರಕ್ಕೆ ಹೋಗಿ, ಎಲ್ಲ ಸರಿಯಾಗತ್ತೆ" ಅಂತ ಒತ್ತಾಯ ಮಾಡಿದವರಿದ್ದರು. ಹೋಗಲಿಲ್ಲ. ಆತಂಕ ಹೆಚ್ಚಿರುವಾಗ ದಿನಗಟ್ಟಲೆ ಕಣ್ಣು ಮುಚ್ಚಿ ಕೂತರೆ ಕೆಲವರಿಗೆ ತೊಂದರೆ ಹೆಚ್ಚುತ್ತದೆ. ಮನಸ್ಸು ತೀರಾ ಕುಸಿದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ದಿನದ ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ ಜವಾಬ್ದಾರಿ ಬಿಡುವುದು. ಇದೇ ಎಲ್ಲಕ್ಕಿಂತ ಕಷ್ಟದ್ದು. ನಾನು ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಟ್ಟೆ: ತರಕಾರಿ ಯಾರ ಹತ್ತಿರ ತರುವುದು, ಗ್ಯಾಸ್ ಎಲ್ಲಿ ಬುಕ್ ಮಾಡುವುದು, 100 ಜನಕ್ಕೆ ಎಷ್ಟು ಕೆಜಿ ಅಕ್ಕಿ, ಯಾವ ಕುಕ್ಕರಿನ ಗ್ಯಾಸ್ಕೆಟ್ ಸಡಿಲ. ರಸೀದಿ ಪುಸ್ತಕ, ಉಳಿದ ದುಡ್ಡು, ಬೀಗದ ಕೈ ಕೊಟ್ಟು ಸಹಿ ತೆಗೆದುಕೊಂಡೆ. "ಮುಂದಿನ ತಿಂಗಳಿಂದ ಬರುವುದಿಲ್ಲ, ಡಾಕ್ಟರು ವಿಶ್ರಾಂತಿ ಹೇಳಿದ್ದಾರೆ" ಅಂತ ಅಷ್ಟೇ ಹೇಳಿದೆ. ಜಾಸ್ತಿ ಕಾರಣ ಕೊಡಬೇಡಿ. ಕೊಟ್ಟ ಒಂದೊಂದು ಕಾರಣಕ್ಕೂ ಅಲ್ಲಿ ಒಂದು ಉಪದೇಶ ಸಿದ್ಧವಿರುತ್ತದೆ. ಗುಂಪುಗಳಿಂದಲೂ ಹೊರಬಂದೆ. ಬ್ಯಾಂಕಿನಿಂದ ತಾನಾಗಿ ಹೋಗುತ್ತಿದ್ದ ತಿಂಗಳ ದೇಣಿಗೆಯನ್ನೂ ನಿಲ್ಲಿಸಿದೆ.

ಇನ್ನು ನಂಬಿಕೆ ಮುರಿದ ವಿಷಯ. ವಿಶ್ರಾಂತಿ ತೆಗೆದುಕೊಂಡರೆ ಇದು ಸರಿಹೋಗುವುದಿಲ್ಲ, ಯಾಕಂದರೆ ಇದರಲ್ಲಿ ನಿಜವಾದ ಅನ್ಯಾಯ ಇದೆ. ಒಂದು ದೊಡ್ಡ ಕಾರ್ಯಕ್ರಮದ ದಿನ ಕೂಲಿಗೆ ಬಂದಿದ್ದ ಅಡುಗೆಯವರ ಕೈಮೇಲೆ ಕಾದ ಎಣ್ಣೆ ಬಿತ್ತು. ಮೊಣಕೈವರೆಗೆ ಬೊಬ್ಬೆ. ನಾವಿಬ್ಬರು ಹೆಂಗಸರು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವರ ಔಷಧಿ ಖರ್ಚಿನ ಮಾತು ಸಂಜೆಯ ಸಭೆಯಲ್ಲಿ ಎತ್ತಿದಾಗ ಪದಾಧಿಕಾರಿಯೊಬ್ಬರು "ಪ್ರಾರಬ್ಧ, ನಾವೇನು ಮಾಡೋಕಾಗತ್ತೆ" ಅಂದು ವೇದಿಕೆಯ ಹೂವಿನ ಅಲಂಕಾರದ ಬಿಲ್ಲಿಗೆ ಹೋದರು. ಎದುರಿಗೆ ಕೂತಿದ್ದ ಯಾರೂ ಮಾತಾಡಲಿಲ್ಲ. ಕೊನೆಗೆ ನಾವೇ ಕೆಲವರು ದುಡ್ಡು ಹಾಕಿ ಕೊಟ್ಟೆವು.

ಅದಾದ ಮೇಲೆ ನಾನು ಕೇಂದ್ರದ ಲೆಕ್ಕ ಕೇಳಿದೆ, ಬರವಣಿಗೆಯಲ್ಲಿ. ಹಾಗೆ ಕೇಳುವುದೇ ಗುರುದ್ರೋಹ ಅನ್ನುವವರಿದ್ದಾರೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಲ್ಲಿ ಬಂದದ್ದು. ಅದರಡಿ ನೋಂದಾಯಿಸಿದ ಸಂಘ ಪ್ರತಿ ವರ್ಷ ಆಡಿಟ್ ಆದ ಲೆಕ್ಕಪತ್ರವನ್ನು ರಿಜಿಸ್ಟ್ರಾರಿಗೆ ಸಲ್ಲಿಸಬೇಕು. ಅಂದಮೇಲೆ ಲೆಕ್ಕ ಕೇಳುವುದು ಗುರುದ್ರೋಹ ಹೇಗಾಗುತ್ತದೆ? ನನಗೆ ಸರಿಯಾದ ಉತ್ತರ ಬರಲಿಲ್ಲ. ಬೇಜಾರಾಯಿತು. ಆದರೆ ಕೇಳಿದೆನಲ್ಲ ಅನ್ನುವ ಸಮಾಧಾನ ಉಳಿಯಿತು. ಕೇಳದೆ ಹೊರಬಂದಿದ್ದರೆ ಅದೇ ಮಾತು ತಲೆಯಲ್ಲಿ ತಿರುಗುತ್ತಲೇ ಇರುತ್ತಿತ್ತು.

ಆ ದಿನಗಳಲ್ಲಿ ವಚನಕಾರ ಸಿದ್ಧರಾಮನ ಕಥೆ ಬಹಳ ನೆನಪಾಗುತ್ತಿತ್ತು. ಸೊನ್ನಲಿಗೆಯಲ್ಲಿ ಆತ ಕೆರೆ ಕಟ್ಟಿಸುವುದರಲ್ಲಿ, ಗುಡಿ ಕಟ್ಟಿಸುವುದರಲ್ಲಿ ಮುಳುಗಿದ್ದಾಗ ಅಲ್ಲಮಪ್ರಭು ಬಂದು, ನಿಮ್ಮ ಒಡ್ಡರಾಮ (ಕಲ್ಲುಮಣ್ಣಿನ ಕೆಲಸದ ರಾಮ) ಎಲ್ಲಿ ಅಂತ ಕೆಲಸದವರನ್ನು ಹಗುರವಾಗಿ ಕೇಳುತ್ತಾನೆ. ಜನ ಸಿಟ್ಟಾಗಿ ಕಲ್ಲು ಎಸೆಯುತ್ತಾರೆ. ಊರಿಗೆ ಕೆರೆ ಬೇಕಾಗಿತ್ತು, ಆ ಕೆಲಸ ಒಳ್ಳೆಯದೇ. ಅಲ್ಲಮ ಕೇಳಿದ್ದು, ಇಷ್ಟರಲ್ಲಿ ನಿನ್ನ ಒಳಗೇನಾಯಿತು ಅಂತ. ಎಂಟುನೂರು ವರ್ಷಕ್ಕೂ ಹಿಂದೆ ನಮ್ಮ ನೆಲದಲ್ಲೇ ಇದನ್ನು ಕೇಳಿದವರಿದ್ದರು. ಇವತ್ತು ನಮ್ಮ ಕೇಂದ್ರಗಳಲ್ಲಿ ಕೇಳುವವರಿಲ್ಲ, ಕೇಳಿದರೆ ಈಗಲೂ ಕಲ್ಲೇ ಬೀಳುತ್ತದೆ.

ಸಾಧನೆಯನ್ನು ಪೂರ್ತಿ ಬಿಡಲಿಲ್ಲ. ಅಲ್ಲಿ ಕಲಿತ ವಿಧಾನವನ್ನು ಮಾತ್ರ ಕೆಲವು ತಿಂಗಳು ಪಕ್ಕಕ್ಕಿಟ್ಟೆ, ಅದನ್ನು ಶುರುಮಾಡಿದರೆ ಆ ಸಭೆಯೇ ಕಣ್ಮುಂದೆ ಬರುತ್ತಿತ್ತು. ಬದಲಿಗೆ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆದೆ. ಸಂಜೆ ದೀಪ ಹಚ್ಚಿ ಅಜ್ಜಿ ಹೇಳಿಕೊಟ್ಟಿದ್ದ ಹಾಡು ಹೇಳಿಕೊಂಡೆ. ಅದು ಯಾವ ಸಂಸ್ಥೆಯದೂ ಆಗಿರಲಿಲ್ಲ, ನಮ್ಮ ಮನೆಯದು. ಈಗ ಮತ್ತೆ ಕಣ್ಣು ಮುಚ್ಚಿ ಕೂರುತ್ತೇನೆ, ಆಗುವಷ್ಟು ಹೊತ್ತು. ಅಲ್ಲಿನ ಗೆಳತಿಯರಲ್ಲಿ ಕೆಲವರು ದೂರವಾದರು. ಆಸ್ಪತ್ರೆಗೆ ಜೊತೆಗೆ ಬಂದಿದ್ದವಳು ಮಾತ್ರ ಈಗಲೂ ಮನೆಗೆ ಬರುತ್ತಾಳೆ. ಅವಳು ಇನ್ನೂ ಅಲ್ಲೇ ಸೇವೆ ಮಾಡುತ್ತಾಳೆ, ನಾನದನ್ನು ಬಿಡಿಸಲು ಹೋಗುವುದಿಲ್ಲ.

ಕೊನೆಗೆ ಮನೆಯವರಿಗೊಂದು ಮಾತು. ನಿಮ್ಮ ಮನೆಯಲ್ಲಿ ಹೀಗೆ ಸೋತು ಬಂದವರಿದ್ದರೆ "ನಾವು ಮೊದಲೇ ಹೇಳಿರಲಿಲ್ವಾ" ಅನ್ನಬೇಡಿ. ಆ ಒಂದು ಮಾತಿಗೆ ಮರುದಿನವೇ ಚೀಲ ಹಿಡಿದು ಕೇಂದ್ರಕ್ಕೆ ವಾಪಸ್ ಹೋದವರು ನನಗೆ ಗೊತ್ತು. ನನ್ನ ಗಂಡ ಏನೂ ಕೇಳಲಿಲ್ಲ. ಭಾನುವಾರ ಬೆಳಗ್ಗೆ ಅಲಾರಂ ಆಫ್ ಮಾಡಿ, ತಿಂಡಿ ತಾವೇ ಮಾಡಿ, ನಾನು ಎದ್ದಾಗ ಬಡಿಸಿದರು.