ಕರಾವಳಿಯ ಹೊಸ ಮನೆ: ವೃದ್ಧರಿಗೂ ಗಾಲಿಕುರ್ಚಿಗೂ ಒದಗುವಂತೆ ಕಟ್ಟುವ ಬಗೆ

ಮಂಗಳೂರು, ಉಡುಪಿಗಳ ಕಡೆ ಮನೆ ಕಟ್ಟುವವರು ಮಳೆನೀರಿಗೆ ಅಂಜಿ ಪಂಚಾಂಗವನ್ನು, ಎಂದರೆ ಮನೆಯ ನೆಲಗಟ್ಟನ್ನು, ಎರಡು ಅಡಿಯಾದರೂ ಎತ್ತರಿಸುತ್ತಾರೆ. ಎಚ್ಚರಿಕೆ ಸರಿಯಾದದ್ದೇ, ಆದರೆ ಮೊಣಕಾಲು ಸೋತ ಹಿರಿಯರಿಗೂ ಗಾಲಿಕುರ್ಚಿ ಬಳಸುವವರಿಗೂ ಮನೆ ಎಟುಕದಂತಾಗುವುದು ಅದೇ ಮೆಟ್ಟಿಲುಗಳಲ್ಲಿ. ಆದ್ದರಿಂದ ಕೋಣೆಗಳ ವಿನ್ಯಾಸಕ್ಕಿಂತ ಮೊದಲು ಅಂಗಳದಿಂದ ಚಾವಡಿಗೆ ಹೋಗುವ ದಾರಿಯನ್ನು ನಿಶ್ಚಯಿಸಬೇಕು.

ರ‍್ಯಾಂಪಿನ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಎಂದರೆ 60 ಸೆಂ.ಮೀ. ಎತ್ತರಕ್ಕೆ 7.2 ಮೀಟರ್ ಉದ್ದ ಬೇಕು. ಐದು ಸೆಂಟ್ಸ್ ಜಾಗದಲ್ಲಿ ಇದನ್ನು ಹೊಂದಿಸಲಾಗದೆ ಉದ್ದವನ್ನು ಅರ್ಧಕ್ಕಿಳಿಸುವುದುಂಟು. ಅಂಥದ್ದರಲ್ಲಿ ಸ್ಕೂಟರ್ ಹತ್ತೀತು, ಗಾಲಿಕುರ್ಚಿ ಹತ್ತದು. ಜಾಗ ಗುಡ್ಡದ ಇಳಿಜಾರಿನಲ್ಲಿದ್ದರೆ ವಾಹನ ನಿಲ್ಲಿಸುವ ಸ್ಥಳವನ್ನು ಎತ್ತರದ ಬದಿಗಿಟ್ಟು, ಅಲ್ಲಿಂದ ಸಮತಟ್ಟಾಗಿ ಒಳಗೆ ಬರುವಂತೆ ಮಾಡುವುದು ಹೆಚ್ಚು ಜಾಣತನ. ಆಗ ಮೇಲಿನ ನೀರು ಬಾಗಿಲಿಗೇ ಬರುವುದರಿಂದ, ಹೊಸಿಲಿನ ಮುಂದೆ ಕಬ್ಬಿಣದ ಜಾಲರಿ ಹೊದಿಸಿದ ಚರಂಡಿ ತೆಗೆಯಬೇಕು. ಕುರ್ಚಿಯ ಸಣ್ಣ ಮುಂಗಾಲಿ ಸಿಕ್ಕಿಕೊಳ್ಳದಂತೆ ಜಾಲರಿಯ ಸೀಳುಗಳು ಕಿರಿದಾಗಿದ್ದು, ನಡೆಯುವ ದಿಕ್ಕಿಗೆ ಅಡ್ಡವಾಗಿರಬೇಕು. ದಾರಿಗೆ ಮಾಡು ಹಾಕದಿದ್ದರೆ ಆಷಾಢದೊಳಗೆ ಹಾವಸೆ ಹಿಡಿಯುತ್ತದೆ, ಆ ಮೇಲೆ ಎಷ್ಟು ಒರಟಾದ ಕಲ್ಲು ಹಾಸಿದ್ದರೂ ಪ್ರಯೋಜನವಿಲ್ಲ.

ಬಾಗಿಲಿನ ವಿಷಯದಲ್ಲಿ ಆಚಾರಿಗೆ ಹೊರ ಅಳತೆಯನ್ನಲ್ಲ, ಒಳಗಿನ ತೆರಪನ್ನು ಹೇಳಬೇಕು. ಮೂರು ಇಂಚಿನ ಮರದಲ್ಲಿ ಮೂರಡಿಯ ದಾರಂದ (ಬಾಗಿಲಿನ ಚೌಕಟ್ಟು) ಮಾಡಿಸಿದರೆ ಉಳಿಯುವುದು ಎರಡೂವರೆ ಅಡಿ ಮಾತ್ರ, 90 ಸೆಂ.ಮೀ. ತೆರಪಿಗೆ ಮೂರೂವರೆ ಅಡಿಯ ದಾರಂದ ಬೇಕಾಗುತ್ತದೆ. ಹೊಸಿಲು ಪೂಜೆಗೆ ಬೇಕೆನ್ನುವವರು ಮರದ ಪಟ್ಟಿಯನ್ನು ನೆಲದ ಮಟ್ಟಕ್ಕೇ ಕೂರಿಸಿಕೊಳ್ಳಬಹುದು.

ಅತಿ ಹೆಚ್ಚು ಗಮನ ಬೇಕಾದದ್ದು ಬಚ್ಚಲುಮನೆಗೆ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಕದವನ್ನು ಹೊರಗಿನವರು ದೂಡಲಾರರು; ಹಾಗಾಗಿ ಕದ ಹೊರಕ್ಕೆ ತೆರೆಯಬೇಕು ಅಥವಾ ಬದಿಗೆ ಸರಿಯಬೇಕು. ಕುರ್ಚಿ ತಿರುಗಲು 1.5 ಮೀಟರ್ ವ್ಯಾಸದ ಖಾಲಿ ಜಾಗ ಬೇಕು. ಕಮೋಡಿನ ಆಸನ ನೆಲದಿಂದ 45ರಿಂದ 48 ಸೆಂ.ಮೀ. ಎತ್ತರದಲ್ಲಿರಲಿ. ಹಿಡಿಕೆ ಕಂಬಿಗಳನ್ನು ಈಗಲೇ ಹಾಕಿಸದಿದ್ದರೂ ಅವು ಬರುವ ಗೋಡೆಯನ್ನು ಈಗಲೇ ಗಟ್ಟಿಗೊಳಿಸಬೇಕು: ಟೊಳ್ಳು ಬ್ಲಾಕಿನ ಗೋಡೆಯಲ್ಲಿ ಮೈಭಾರಕ್ಕೆ ಬೋಲ್ಟ್ ಕಿತ್ತುಬರುತ್ತದೆ, ಆದ್ದರಿಂದ ಅಷ್ಟು ಭಾಗಕ್ಕೆ ಕಾಂಕ್ರೀಟ್ ತುಂಬಿಸಬೇಕು. ಮಲ್ಪೆ, ಉಳ್ಳಾಲದಂಥ ಕಡಲಬದಿಯಲ್ಲಿ ಉಪ್ಪುಗಾಳಿಗೆ 304 ದರ್ಜೆಯ ಸ್ಟೀಲಿಗಿಂತ 316 ಹೆಚ್ಚು ಬಾಳುತ್ತದೆ.

ನೆಲಕ್ಕೆ ಮಿರುಗುವ ಟೈಲ್ಸ್ ಬೇಡ. ಸ್ವಿಚ್ಚುಗಳು 90ರಿಂದ 110 ಸೆಂ.ಮೀ. ಎತ್ತರದಲ್ಲಿರಲಿ, ಕಿವಿ ಮಂದವಾದವರಿಗೆ ಕರೆಗಂಟೆಯೊಡನೆ ಬೆಳಗುವ ದೀಪವೂ ಇರಲಿ.

ಎರಡು ಅಂತಸ್ತಿನ ಮನೆಯಾದರೆ ಹಿರಿಯರ ಮಲಗುವ ಕೋಣೆ ಬಚ್ಚಲುಸಹಿತ ಕೆಳಗೇ ಇರಬೇಕು. ಜೊತೆಗೆ ಎರಡೂ ಅಂತಸ್ತುಗಳಲ್ಲಿ ಒಂದರ ಮೇಲೊಂದು ಬರುವಂತೆ ಸುಮಾರು ಐದಡಿ ಚೌಕದ ಉಗ್ರಾಣಗಳನ್ನಿಟ್ಟು, ನಡುವಿನ ಸ್ಲ್ಯಾಬನ್ನು ಮುಂದೆ ಕತ್ತರಿಸಿ ಲಿಫ್ಟ್ ಕೂರಿಸುವಂತೆ ತೊಲೆಗಳನ್ನು ಹೊಂದಿಸಲು ಎಂಜಿನಿಯರರಿಗೆ ಹೇಳಿಡಬೇಕು.