ಮಸೂದೆಯ ಬೆನ್ನು ಹತ್ತುವಾಗ ನಾನು ನೋಡುವುದು

ಸಂಸತ್ತಿನಲ್ಲಿ ಮಂಡನೆಯಾದ ಮಸೂದೆ ಕೈಗೆ ಬಂದರೆ ನಾನು ಮೊದಲು ಅದರ ಒಳಗಿನ ವಿಷಯ ಓದಲು ಕೂರುವುದಿಲ್ಲ. ಅದು ಯಾವ ಬಗೆಯ ಮಸೂದೆ ಎಂದು ಗೊತ್ತುಮಾಡಿಕೊಳ್ಳುತ್ತೇನೆ. ರಾಜ್ಯಸಭೆ ಅದನ್ನು ತಡೆಯಬಲ್ಲದೋ, ತಡಮಾಡಬಲ್ಲದೋ, ಸಲಹೆಯನ್ನಷ್ಟೇ ಕೊಡಬಲ್ಲದೋ ಎಂಬುದು ಅಲ್ಲೇ ತೀರ್ಮಾನವಾಗಿರುತ್ತದೆ.

ಗುರುತು ಮೊದಲ ಪುಟದಲ್ಲೇ ಸಿಗುತ್ತದೆ. ಮಸೂದೆ ಸಂಖ್ಯೆ ರೋಮನ್ ಅಂಕಿಯಲ್ಲಿದ್ದರೆ ರಾಜ್ಯಸಭೆಯಲ್ಲಿ ಹುಟ್ಟಿದ್ದು, ಸಾಮಾನ್ಯ ಅಂಕಿಯಲ್ಲಿದ್ದರೆ ಲೋಕಸಭೆಯದು. ಆಮೇಲೆ ನೇರ ಹಿಂದಿನ ಪುಟಗಳಿಗೆ ಹೋಗುತ್ತೇನೆ. ಉದ್ದೇಶ ಮತ್ತು ಕಾರಣಗಳ ಹೇಳಿಕೆಯ ನಂತರ ರಾಷ್ಟ್ರಪತಿಯವರ ಶಿಫಾರಸು ಇದ್ದರೆ, ಅದು ಸಂವಿಧಾನದ 117ನೇ ವಿಧಿಯ ಯಾವ ಉಪವಿಧಿಯಡಿ ಬಂದಿದೆ ಎಂದು ನೋಡಬೇಕು. 117(1) ಎಂದಿದ್ದರೆ ಮಸೂದೆ ಲೋಕಸಭೆಯಲ್ಲೇ ಮಂಡನೆಯಾಗಬೇಕು. 117(3) ಎಂದಷ್ಟೇ ಇದ್ದರೆ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಖಜಾನೆಯಿಂದ, ಖರ್ಚಿದೆ ಎಂದರ್ಥ, ಯಾವ ಸದನದಲ್ಲಾದರೂ ಮಂಡಿಸಬಹುದು.

ಕನ್ನಡದಲ್ಲಿ ನಮಗೊಂದು ಹೆಚ್ಚಿನ ತೊಡಕಿದೆ. ‘ಹಣಕಾಸು ಮಸೂದೆ’ ಎಂಬ ಒಂದೇ ಹೆಸರು ಮೂರು ಬೇರೆ ಬೇರೆ ಮಸೂದೆಗಳಿಗೆ ಓಡಾಡುತ್ತದೆ: 110ನೇ ವಿಧಿಯ ಮನಿ ಬಿಲ್, 117ರ ಫೈನಾನ್ಶಿಯಲ್ ಬಿಲ್, ಬಜೆಟ್ ಜತೆ ಬರುವ ವಾರ್ಷಿಕ ಫೈನಾನ್ಸ್ ಬಿಲ್. ಮನಿ ಬಿಲ್ ಆಗಬೇಕಾದರೆ ತೆರಿಗೆ, ಸಾಲ, ಸಂಚಿತ ನಿಧಿಯಂಥ 110ರ ಪಟ್ಟಿಯ ವಿಷಯಗಳು ‘ಮಾತ್ರ’ ಇರಬೇಕು. ದಂಡ ಅಥವಾ ಪರವಾನಗಿ ಶುಲ್ಕ ವಿಧಿಸುತ್ತದೆ ಎಂಬ ಕಾರಣಕ್ಕೆ ಯಾವುದೂ ಮನಿ ಬಿಲ್ ಆಗುವುದಿಲ್ಲ. ಸಂಶಯ ಬಂದರೆ ತೀರ್ಮಾನ ಸ್ಪೀಕರ್ ಅವರದು. ಅವರ ಪ್ರಮಾಣಪತ್ರ ಹೊತ್ತು ಹೋದ ಮಸೂದೆಯನ್ನು ರಾಜ್ಯಸಭೆ 14 ದಿನದೊಳಗೆ ವಾಪಸು ಕಳಿಸಬೇಕು. ಕಳಿಸದಿದ್ದರೂ ಅಂಗೀಕಾರವಾದಂತೆಯೇ. 2016ರ ಮಾರ್ಚ್ 16ರಂದು ರಾಜ್ಯಸಭೆ, ಮನಿ ಬಿಲ್ ಆಗಿ ಬಂದ ಆಧಾರ್ ಮಸೂದೆಗೆ ತಿದ್ದುಪಡಿಗಳನ್ನು ಶಿಫಾರಸು ಮಾಡಿತು. ಲೋಕಸಭೆ ಅದೇ ದಿನ ಎಲ್ಲವನ್ನೂ ತಳ್ಳಿಹಾಕಿತು. ಆ ‘ಮಾತ್ರ’ ಎಂಬ ಪದದ ಮೇಲಿನ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಒಂದು ಸದನದ ಅಧಿಕಾರವೇ ಈ ಒಂದು ಪದದ ಮೇಲೆ ನಿಂತಿರುವುದರಿಂದ, ಪ್ರತಿ ಮನಿ ಬಿಲ್ಲನ್ನೂ ಒಂದೊಂದು ಖಂಡವನ್ನಾಗಿ (ಕ್ಲಾಸ್) ಈ ಅಳತೆಗೆ ಹಿಡಿದು ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಾಮಾನ್ಯ ಮಸೂದೆಗೆ ಎರಡೂ ಸದನಗಳಲ್ಲಿ ಮಂಡನೆ, ಪರಿಶೀಲನೆ, ಅಂಗೀಕಾರ ಎಂಬ ಮೂರು ಹಂತ. ಇಲ್ಲಿ ಸಮಿತಿಯ ಬಗೆ ಮುಖ್ಯ. ಆಯ್ಕೆ ಸಮಿತಿ ಅಥವಾ ಜಂಟಿ ಸಮಿತಿ ಮಸೂದೆಯ ಪಠ್ಯವನ್ನೇ ತಿದ್ದಿ ಕೊಡಬಲ್ಲದು. ಸ್ಥಾಯಿ ಸಮಿತಿ ಕೊಡುವುದು ವರದಿ ಮಾತ್ರ. ಒಪ್ಪಿದ್ದನ್ನು ಸರ್ಕಾರವೇ ತಿದ್ದುಪಡಿಯಾಗಿ ತರಬೇಕು. ಖಂಡವಾರು ಮತದಾನದಲ್ಲಿ ಒಂದನೇ ಖಂಡ ಮತ್ತು ದೀರ್ಘ ಶೀರ್ಷಿಕೆ ಕೊನೆಗೆ ಬರುತ್ತವೆ.

ಎರಡನೇ ಸದನ ತಿದ್ದಿದರೆ ಮಸೂದೆ ಮೊದಲ ಸದನಕ್ಕೆ ಮರಳುತ್ತದೆ. ತಿರಸ್ಕಾರವಾದರೆ, ತಿದ್ದುಪಡಿಯಲ್ಲಿ ಒಮ್ಮತ ಬರದಿದ್ದರೆ, ಇಲ್ಲವೇ ಆರು ತಿಂಗಳು ಮೀರಿದರೆ ರಾಷ್ಟ್ರಪತಿ ಜಂಟಿ ಅಧಿವೇಶನ ಕರೆಯಬಹುದು. ಈ ಆರು ತಿಂಗಳನ್ನು ಕ್ಯಾಲೆಂಡರ್ ನೋಡಿ ಎಣಿಸುವವರು ತಪ್ಪುತ್ತಾರೆ. ಸದನ ಸತತ ನಾಲ್ಕು ದಿನಕ್ಕಿಂತ ಹೆಚ್ಚು ಮುಂದೂಡಲ್ಪಟ್ಟ ಅವಧಿಯೂ ಅಧಿವೇಶನ ಮುಗಿದು ಇನ್ನೊಂದು ಶುರುವಾಗುವವರೆಗಿನ ದಿನಗಳೂ ಲೆಕ್ಕಕ್ಕೆ ಬರುವುದಿಲ್ಲ. ಇದುವರೆಗೆ ಮಸೂದೆಗಾಗಿ ಜಂಟಿ ಅಧಿವೇಶನ ನಡೆದದ್ದು 1961ರಲ್ಲಿ ವರದಕ್ಷಿಣೆ ನಿಷೇಧಕ್ಕೆ, 1978ರಲ್ಲಿ ಬ್ಯಾಂಕಿಂಗ್ ಸೇವಾ ಆಯೋಗ ರದ್ದತಿಗೆ, 2002ರಲ್ಲಿ ಭಯೋತ್ಪಾದನೆ ತಡೆ ಕಾಯ್ದೆಯಾದ ಪೋಟಾಕ್ಕೆ. (ನಮ್ಮ ವಿಧಾನ ಪರಿಷತ್ತಿಗೆ ಈ ದಾರಿಯೇ ಇಲ್ಲ. ಅದು ಮೊದಲು ಮೂರು ತಿಂಗಳು, ಮತ್ತೆ ಒಂದು ತಿಂಗಳು ತಡೆಹಿಡಿಯಬಹುದು, ಅಷ್ಟೇ.)

ಸಂವಿಧಾನ ತಿದ್ದುಪಡಿ ಮಸೂದೆಗೆ ಜಂಟಿ ಅಧಿವೇಶನ ಇಲ್ಲ. 368ನೇ ವಿಧಿಯಂತೆ ಪ್ರತಿ ಸದನದಲ್ಲೂ ಎರಡು ಲೆಕ್ಕ ಒಟ್ಟಿಗೆ ಕೂಡಿಬರಬೇಕು: ಒಟ್ಟು ಸದಸ್ಯಬಲದ ಬಹುಮತ, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ. 543ರ ಲೋಕಸಭೆಯಲ್ಲಿ ಮೊದಲನೆಯದು 272, 245ರ ರಾಜ್ಯಸಭೆಯಲ್ಲಿ 123. ಮತದಿಂದ ದೂರ ಉಳಿದವರು ಎರಡನೇ ಲೆಕ್ಕದಲ್ಲಿಲ್ಲ. 1970ರಲ್ಲಿ, ಹಿಂದಿನ ಸಂಸ್ಥಾನಗಳ ಅರಸರಿಗೆ ಸರ್ಕಾರ ಕೊಡುತ್ತಿದ್ದ ರಾಜಧನದ ರದ್ದತಿಗೆ ರಾಜ್ಯಸಭೆಯಲ್ಲಿ ಪರವಾಗಿ 149, ವಿರುದ್ಧ 75 ಮತ ಬಿದ್ದವು. ಒಟ್ಟು 224, ಅದರ ಮೂರನೇ ಎರಡು ಭಾಗ 149.33. ಮಸೂದೆ ಬಿದ್ದುಹೋಯಿತು. ಒಂದು ಮತಕ್ಕಿಂತ ಕಡಿಮೆ ಕೊರತೆ! ಆದ್ದರಿಂದ ಭಾಗಲಬ್ಧವನ್ನು ಯಾವಾಗಲೂ ಮೇಲಿನ ಪೂರ್ಣಾಂಕಕ್ಕೆ ಏರಿಸಿಯೇ ಬರೆದುಕೊಳ್ಳುತ್ತೇನೆ.

ಈ ವಿಶೇಷ ಬಹುಮತ ಮಂಡನೆಗೆ ಬೇಕಿಲ್ಲ. ಏಕಕಾಲದ ಚುನಾವಣೆಯ 129ನೇ ತಿದ್ದುಪಡಿ ಮಸೂದೆ 2024ರ ಡಿಸೆಂಬರ್ 17ರಂದು ಲೋಕಸಭೆಯಲ್ಲಿ 269–198 ಮತಗಳಿಂದ ಮಂಡನೆಯಾಯಿತು. ಮೂರನೇ ಎರಡು ಇಲ್ಲದಿದ್ದರೂ ಅದು ಸೋತಂತಲ್ಲ. ಒಕ್ಕೂಟ ವ್ಯವಸ್ಥೆಗೆ ಸಂಬಂಧಿಸಿದ ಕೆಲವು ತಿದ್ದುಪಡಿಗಳಿಗೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳ ಅನುಮೋದನೆಯೂ ಬೇಕು.

ಲೋಕಸಭೆ ವಿಸರ್ಜನೆಯಾದರೆ ಏನು ಉಳಿಯುತ್ತದೆ? ಲೋಕಸಭೆಯಲ್ಲಿ ಬಾಕಿ ಇರುವುದು ಹೋಗುತ್ತದೆ. ಲೋಕಸಭೆ ದಾಟಿ ರಾಜ್ಯಸಭೆಯಲ್ಲಿ ನಿಂತಿರುವುದೂ, ಅಷ್ಟರೊಳಗೆ ಜಂಟಿ ಅಧಿವೇಶನದ ಸೂಚನೆ ಹೊರಟಿರದಿದ್ದರೆ, ಹೋಗುತ್ತದೆ. ರಾಜ್ಯಸಭೆಯಲ್ಲೇ ಹುಟ್ಟಿ ಇನ್ನೂ ಅಲ್ಲೇ ಇರುವುದು ಉಳಿಯುತ್ತದೆ. ಮಹಿಳಾ ಮೀಸಲಾತಿಯ 108ನೇ ತಿದ್ದುಪಡಿ ಮಸೂದೆ 2010ರ ಮಾರ್ಚ್ 9ರಂದು ರಾಜ್ಯಸಭೆ ದಾಟಿ ಲೋಕಸಭೆಗೆ ಬಂದಿತ್ತು. 2014ರಲ್ಲಿ ಸದನದ ಜತೆಗೇ ರದ್ದಾಯಿತು.

ರಾಷ್ಟ್ರಪತಿಯವರು ಸಾಮಾನ್ಯ ಮಸೂದೆಯನ್ನು ಒಮ್ಮೆ ಹಿಂದಕ್ಕೆ ಕಳಿಸಬಹುದು, ಮನಿ ಬಿಲ್ಲನ್ನು ಕಳಿಸುವಂತಿಲ್ಲ, ಸಂವಿಧಾನ ತಿದ್ದುಪಡಿಗೆ ಅಂಕಿತ ಹಾಕಲೇಬೇಕು. ಅಂಕಿತ ಬಿದ್ದ ಸುದ್ದಿ ಬಂದಾಗ ಮತ್ತೆ ಒಂದನೇ ಖಂಡಕ್ಕೆ ಮರಳುತ್ತೇನೆ. ‘ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಗೊತ್ತುಪಡಿಸುವ ದಿನಾಂಕದಿಂದ’ ಎಂಬ ಸಾಲು ಅಲ್ಲಿದ್ದರೆ, ಆ ಅಧಿಸೂಚನೆ ರಾಜ್ಯಪತ್ರದಲ್ಲಿ ಬರುವವರೆಗೆ ಕಾನೂನು ಜಾರಿಯಾಯಿತು ಎಂದು ಬರೆಯುವುದಿಲ್ಲ.