ನಿಮ್ಮ ಏರಿಯಾದ ಗೋಡೆ ಮೇಲೆ ಅಲ್ಲಿದ್ದ ಕೆರೆ, ಅಲ್ಲಿದ್ದ ಜನ: ಚಿತ್ರ ಬರೆಸೋದು ಹೇಗೆ

ಮೆಜೆಸ್ಟಿಕ್‌ನಲ್ಲಿ ಬಸ್ ಕಾಯೋರು ನಿಂತಿರೋದು ಧರ್ಮಾಂಬುಧಿ ಕೆರೆ ಅಂಗಳದಲ್ಲಿ, ಕಂಠೀರವ ಸ್ಟೇಡಿಯಂ ಇರೋದು ಸಂಪಂಗಿ ಕೆರೆ ಜಾಗದಲ್ಲಿ, ಹಾಕಿ ಸ್ಟೇಡಿಯಂ ಇರೋದು ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ. ಬೆಂಗಳೂರಲ್ಲಿ ನಮ್ಮ ಲೇಔಟ್ ಕೂಡ ಹಂಗೇ, ಒಂದು ಕೆರೆ ನೀರಿನ ಗದ್ದೆ ಮೇಲೆ ಎದ್ದಿದ್ದು, ಆ ಗದ್ದೆ ಉತ್ತವರ ಮನೆಗಳು ಈಗ ಹಳೇ ಊರಿನ ಎರಡು ಗಲ್ಲಿಯಲ್ಲಿ ಉಳ್ಕೊಂಡಿವೆ. ನಾವು ಕೆಲವರು ಸೇರಿ ಅರವತ್ತು ಅಡಿ ಕಾಂಪೌಂಡ್ ಗೋಡೆ ಮೇಲೆ ಆ ಕೆರೆ, ಆ ಜನರ ಚಿತ್ರ ಬರೆಸಿದ್ವಿ. ನೀವೂ ಮಾಡೋದಾದ್ರೆ ಉಪಯೋಗಕ್ಕೆ ಬರ್ಲಿ ಅಂತ ಬರೀತಿದೀನಿ.

ಮೊದಲೇ ಪೇಂಟ್ ತರೋಕೆ ಹೋಗಬೇಡಿ. ಫೋನಲ್ಲಿ ದಿಶಾಂಕ್ ಆ್ಯಪ್ ಹಾಕ್ಕೊಂಡು ನೀವು ನಿಂತಿರೋ ಜಾಗದ ಸರ್ವೆ ನಂಬರ್ ನೋಡಿ, ಆಮೇಲೆ ಕಂದಾಯ ಇಲಾಖೆಯ ಹಳೇ ಗ್ರಾಮ ನಕ್ಷೆ ತೆಗೀರಿ, ಕೆರೆ ಎಲ್ಲಿತ್ತು ಹಳ್ಳ ಎಲ್ಲಿ ಹರೀತಿತ್ತು ಅಂತ ಅದರಲ್ಲಿ ಕಾಣುತ್ತೆ. ಅದನ್ನ ದೊಡ್ಡದಾಗಿ ಪ್ರಿಂಟ್ ಹಾಕಿಸ್ಕೊಂಡು ಹಳೇ ಊರಿನ ಅರಳಿಕಟ್ಟೆ ಹತ್ರ ಹೋಗಿ ಕೂತ್ಕೊಳಿ. "ಇಲ್ಲಿನ ಇತಿಹಾಸ ಹೇಳಿ" ಅಂತ ಕೇಳಿದ್ರೆ ಯಾರೂ ಬಾಯಿ ಬಿಡಲ್ಲ. ಕೋಡಿ (ಕೆರೆ ತುಂಬಿ ಹೆಚ್ಚಾದ ನೀರು) ಎಲ್ಲಿ ಬೀಳ್ತಿತ್ತು, ತೂಬು (ಗದ್ದೆಗೆ ನೀರು ಬಿಡೋ ಕಿಂಡಿ) ಎಷ್ಟಿತ್ತು, ಗುಂಡುತೋಪು (ಊರಿನ ಮರಗಳ ತೋಪು) ಯಾವ ಕಡೆ, ದನ ಎಲ್ಲಿ ಮೇಯ್ತಿದ್ವು, ನೀರುಗಂಟಿ ಯಾರ ಮನೆಯವರು ಅಂತ ಕೇಳಿ, ಮಧ್ಯಾಹ್ನ ಪೂರ್ತಿ ಮಾತಾಡ್ತಾರೆ. ನೀರುಗಂಟಿ ಅಂದ್ರೆ ತೂಬು ಎತ್ತಿ ಒಬ್ಬೊಬ್ಬರ ಗದ್ದೆಗೂ ನೀರು ಹಂಚೋರು, ಸುಮಾರು ಊರುಗಳಲ್ಲಿ ದಲಿತ ಮನೆತನದವರು, ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಅವರ ಪಾಲು ಸಿಗ್ತಿತ್ತು. ಇಡೀ ಊರಿಗೆ ಅನ್ನ ಕೊಟ್ಟ ಕೆಲಸ ಅದು, ನಮ್ಮ ಏರಿಯಾದ ಯಾವ ರಸ್ತೆ ಬೋರ್ಡಲ್ಲೂ ಅವರ ಹೆಸರಿಲ್ಲ, ನಮ್ಮ ಗೋಡೆಯಲ್ಲಿ ಮೊದಲು ಬರಬೇಕಾದ್ದು ಅವರೇ ಅಂತ ನಾವು ಅವತ್ತೇ ತೀರ್ಮಾನ ಮಾಡಿದ್ವಿ. ಪೇಟೆ ಕಡೆಯವರಾದ್ರೆ ತಿಗಳರನ್ನ ಕೇಳಿ, ತೋಟಗಾರಿಕೆ ಅವರ ಕುಲಕಸುಬು, ಸಂಪಂಗಿ ಕೆರೆ ಹೋದ್ರೂ ಸ್ಟೇಡಿಯಂ ಪಕ್ಕ ಉಳಿದಿರೋ ಚಿಕ್ಕ ಕೊಳದ ಹತ್ರ ಅವರ ಕರಗದ ಪೂಜೆ ಇವತ್ತಿಗೂ ನಡೆಯುತ್ತೆ.

ಹಂಗೇ ನಿಮ್ಮ ಊರ ಹೆಸರು ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ 9ನೇ ಸಂಪುಟದಲ್ಲಿದ್ಯಾ ನೋಡಿ, ಬಿ.ಎಲ್. ರೈಸ್ ಸಾಹೇಬರು 1905ರಲ್ಲಿ ತಂದಿದ್ದು, ಬೆಂಗಳೂರು ಜಿಲ್ಲೆಯಲ್ಲಿ ಆಗ ಸಿಕ್ಕಿದ್ದ ಶಾಸನಗಳು ಅದರಲ್ಲಿವೆ. "ಬೆಂಗಳೂರು ಕಾಳಗ" ಅಂತ ಹೇಳೋ ಬೇಗೂರಿನ ಕಲ್ಲು ಸುಮಾರು ಕ್ರಿ.ಶ. 890ರದು, ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಅದಕ್ಕಿಂತಲೂ ಹಳೇದು, 750ರ ಹೊತ್ತಿಂದು. ನಿಮ್ಮಲ್ಲೂ ಕಲ್ಲಿದ್ರೆ ಅದರ ಒಂದೆರಡು ಸಾಲನ್ನ ಆ ಕಾಲದ ಅಕ್ಷರದಲ್ಲೇ ಗೋಡೆ ಮೇಲೆ ಬರೆಸಿ, ಕೆಳಗೆ ಇವತ್ತಿನ ಕನ್ನಡ ಹಾಕಿ. ಕಲ್ಲಿಗೆ ಮಾತ್ರ ದಯವಿಟ್ಟು ಪೇಂಟ್ ಬಳೀಬೇಡಿ.

ಡಿಸೈನ್ ವಿಷಯ. ನೆಟ್‌ನಲ್ಲಿ ಸಿಗೋ ವಾರ್ಲಿ ಗೊಂಬೆಗಳನ್ನ ಹಾಕಿಬಿಡೋಣ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಚೆಂದ ಇದೆ, ಆದ್ರೆ ಅದು ಮಹಾರಾಷ್ಟ್ರ ಕಡೆಯ ಆದಿವಾಸಿಗಳದ್ದು, ಹಸೆ ಚಿತ್ತಾರ ಮಲೆನಾಡಿನ ದೀವರದ್ದು, ಈ ಮಣ್ಣಿನವರನ್ನ ನೆನೆಯೋಕೆ ಬೇರೆಯವರ ಗುರುತು ಯಾಕೆ? ಊರವರು ಹೇಳಿದ್ದನ್ನೇ ಬರೀರಿ, ಸ್ಕೆಚ್ ಹಾಕಿ ವಾಪಸ್ ಅವರಿಗೇ ತೋರ್ಸಿ. ನಾವು ತೂಬನ್ನ ಚಿಕ್ಕ ಬಾಗಿಲ ಥರ ಬರ್ದಿದ್ವಿ. ಒಬ್ರು ಅಜ್ಜಿ ಕೋಲೂರ್ಕೊಂಡು ಬಂದು ಸ್ಕೆಚ್ ಮೇಲೆ ಬೆರಳಿಟ್ಟು, "ಅಯ್ಯೋ ಮಗಾ, ತೂಬಂದ್ರೆ ಬಾಗಿಲಲ್ಲ ಕಣಪ್ಪಾ, ಎರಡು ಕಲ್ಲು ಕಂಬ, ಮಧ್ಯೆ ತೂತಿರೋ ಅಡ್ಡಗಲ್ಲು, ಅದರೊಳಗೆ ಉದ್ದಕ್ಕೆ ಮರದ ಗೂಟ, ನಮ್ಮ ಮಾವ ಕತ್ತಿನ ಮಟ್ಟ ನೀರಲ್ಲಿ ಇಳಿದು ಅದನ್ನ ಎತ್ತೋರು" ಅಂದ್ರು. ಸ್ಕೆಚ್ ಹರಿದು ಹಾಕಿ ಹೊಸದಾಗಿ ಬರೆದ್ವಿ, ಈಗ ಗೋಡೆ ನಡುವೆ ಆ ಮಾವನೇ ನೀರಲ್ಲಿ ನಿಂತಿದ್ದಾರೆ. ಮುಖ ಬರೆಯೋ ಮುಂಚೆ ಮನೆಯವರ ಒಪ್ಪಿಗೆ ಕೇಳಿ, ಇದನ್ನ ಮಾತ್ರ ಬಿಡಬೇಡಿ.

ಪರ್ಮಿಷನ್ ಬರವಣಿಗೆಯಲ್ಲೇ ಇರ್ಲಿ. ಖಾಸಗಿ ಗೋಡೆ ಆದ್ರೆ ಓನರ್ ಸಹಿ, ಸರ್ಕಾರಿ ಗೋಡೆ ಆದ್ರೆ ಪಾಲಿಕೆ ಕಚೇರಿಯಿಂದ ಪತ್ರ. ಸಾರ್ವಜನಿಕ ಜಾಗ ವಿರೂಪಗೊಳಿಸೋದರ ವಿರುದ್ಧ 1981ರ ಕಾಯ್ದೆ ಇದೆ, ಬಾಯಿಮಾತಲ್ಲಿ "ಮಾಡ್ಕೊಳಿ" ಅಂದ್ರು ಅಂತ ಶುರು ಮಾಡಬೇಡಿ.

ಗೋಡೆ ಕೆಲಸ ಜನವರಿಯಿಂದ ಮಾರ್ಚ್ ಒಳಗೆ ಇಟ್ಕೊಳಿ. ಬಿಳಿ ಪುಡಿ ಥರ ಉಪ್ಪು ಬಿಡ್ತಿರೋ ಗೋಡೆ ಆದ್ರೆ ಅದರ ಆಸೆ ಬಿಟ್ಟುಬಿಡಿ, ಒಂದು ಮಳೆಗಾಲಕ್ಕೆ ಎಲ್ಲ ಉದುರುತ್ತೆ. ತಂತಿ ಬ್ರಷ್‌ನಲ್ಲಿ ಉಜ್ಜಿ, ತೊಳೆದು, ಚೆನ್ನಾಗಿ ಒಣಗಿಸಿ, ಪ್ರೈಮರ್ ಹೊಡೆದು ಆಮೇಲೆ ಎಕ್ಸ್‌ಟೀರಿಯರ್ ಎಮಲ್ಷನ್, ಡಿಸ್ಟೆಂಪರ್ ಬೇಡವೇ ಬೇಡ. ಎರಡು ಕೋಟ್ ಸೇರಿ ಲೀಟರಿಗೆ 50 ಚದರ ಅಡಿ ಅಂತ ಅಂದಾಜು ಹಾಕಿ, ಗೋಡೆ ಒರಟಾಗಿದ್ರೆ ಇನ್ನೂ ಕಮ್ಮಿ. ಕೆಳಗಿನ ಒಂದಡಿ ಬರೀ ಗಾಢ ಬಣ್ಣ ಬಿಡಿ, ಮಳೆಗೆ ಕೆಸರು ಸಿಡಿಯೋದು ಅಲ್ಲಿಗೇ. ಸೀಮೆಸುಣ್ಣದ ಪುಡಿ ಹಚ್ಚಿದ ದಾರ ಇಬ್ರು ಎಳೆದು ಹಿಡಿದು ಹೊಡೆದ್ರೆ ಅಡಿ ಅಡಿ ಚೌಕ ಬೀಳುತ್ತೆ, ಪೇಪರ್ ಮೇಲೂ ಅಷ್ಟೇ ಚೌಕ ಹಾಕಿ, ಒಂದೊಂದೇ ಚೌಕ ನೋಡ್ಕೊಂಡು ಗೆರೆ ಇಳಿಸಿ. ಗೆರೆ ಮತ್ತೆ ಮುಖಗಳಿಗೆ ಒಬ್ಬ ಬ್ಯಾನರ್ ಆರ್ಟಿಸ್ಟನ್ನ ಕರೆಸಿ ಪೂರ್ತಿ ದಿನಗೂಲಿ ಕೊಡಿ. 2009ರ ಸುಮಾರಿಗೆ ಬೆಂಗಳೂರಿನ ಗೋಡೆಗಳಿಗೆ ಬಣ್ಣ ತುಂಬಿದ್ದು ಸಿನಿಮಾ ಬೋರ್ಡ್ ಬರೀತಿದ್ದ ಇಂಥವರೇ. ನೀರು, ಗದ್ದೆ, ಆಕಾಶ ಮಕ್ಕಳಿಗೆ ಬಿಡಿ, ಭಾನುವಾರ ಬೆಳಿಗ್ಗೆ ಒಂದು ಗಂಟೆಯಲ್ಲಿ ಮುಗಿಸ್ತಾರೆ.

ಹೆಸರುಗಳು ಕೊನೆಗೆ. ಮನೆಯವರು ಹೇಗೆ ಕರೀತಾರೋ ಹಾಗೇ, ಮೊದಲು ಪೇಪರಲ್ಲಿ ಬರೆದು ತೋರಿಸಿ, ಆಮೇಲೆ ಮಗುವಿನ ಕಣ್ಣಿಗೂ ಕಾಣೋ ಎತ್ತರದಲ್ಲಿ ಗೋಡೆಗೆ. ಉಳಿದ ಬಣ್ಣನ ಡಬ್ಬಿ ಮೇಲೆ ಶೇಡ್ ನಂಬರ್ ಬರೆದು ಎತ್ತಿಡಿ, ಮಳೆ ನಿಂತ ಮೇಲೆ ಟಚಪ್‌ಗೆ ಬೇಕಾಗುತ್ತೆ. ಬಲಗಡೆ ತುದಿಯಲ್ಲಿ ಎರಡಡಿ ಖಾಲಿ ಬಿಡಿ. ನಮ್ಮಲ್ಲಿ ಮೊನ್ನೆ ಒಬ್ಬ ಹುಡುಗ ಬೈಕ್ ನಿಲ್ಲಿಸಿ, "ನಮ್ಮ ತಾತನೂ ಈ ಕೆರೆ ನೀರುಗಂಟಿನೇ, ಅವರ ಹೆಸರೂ ಬರೀತೀರಾ" ಅಂದ. ಡಬ್ಬಿ ತೆಗೆದು ಬ್ರಷ್ ಅವನ ಕೈಗೇ ಕೊಟ್ವಿ.